ಮಗುವಿನ ಅನ್ನ: ದಾನವೋ, ಸಾಲವೋ?

ಹೆತ್ತ ಮಕ್ಕಳನ್ನು ಸಾಕುವುದು ಯಾರ ಕರ್ತವ್ಯ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ "ಹೆತ್ತವರದೇ, ಮತ್ಯಾರದ್ರಿ?" ಎಂಬ ಉತ್ತರ ಥಟ್ಟನೆ ಬರುತ್ತದೆ. ಇದರಲ್ಲಿ ಜಾತಿ, ಮತ, ಬಡವ, ಬಲ್ಲಿದ ಎಂಬ ಭೇದವಿಲ್ಲ. ಜಗಳ ಶುರುವಾಗುವುದು ಆ ಉತ್ತರದ ಬೆನ್ನಿಗೆ ಬರುವ 'ಆದರೆ' ಎಂಬ ಮಾತಿನಿಂದ. "ಆದರ ಆಕಿನೇ ಮನಿ ಬಿಟ್ಟು ಹೋಗ್ಯಾಳ." "ಆದರ ನನಗ ಕೂಸಿನ ಮಾರಿ ತೋರಸಂಗಿಲ್ಲ." "ಆದರ ನನ್ನ ಕೈಯಾಗ ರೊಕ್ಕ ಎಲ್ಲದ?" ಗಂಡ ಹೆಂಡತಿ ಬೇರೆಯಾದ ಮನೆಗಳಲ್ಲಿ ಈ 'ಆದರೆ'ಗಳು ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ. ಮಗುವಿನ ಶಾಲೆಯ ಫೀಸು, ಔಷಧದ ಚೀಟಿ, ಕಿರಾಣಿ ಅಂಗಡಿಯ ಉದ್ರಿ ಇವು ಮಾತ್ರ ಯಾರ 'ಆದರೆ'ಗೂ ಕಾಯುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬದುಕು ನಮಗೆ ಗೊತ್ತಿದ್ದದ್ದೇ. ಸಿಮೆಂಟ್ ಕಾರ್ಖಾನೆಯಲ್ಲಿ ಕಾಯಂ ನೌಕರನಾಗಿ ತಿಂಗಳ ಸಂಬಳ ಪಡೆಯುವವನಿದ್ದಾನೆ. ಅದೇ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ದುಡಿಯುವವನಿದ್ದಾನೆ. ಕಲ್ಲಿನ ಖಣಿಯಲ್ಲಿ ಫರಸಿ ಎಬ್ಬಿಸುವವನಿದ್ದಾನೆ. ತೊಗರಿ ರಾಶಿ ಮುಗಿದ ಮೇಲೆ ಹಳ್ಳಿ ತಾಂಡಾಗಳನ್ನು ಬಿಟ್ಟು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವನಿದ್ದಾನೆ. ಇಂಥವರ ಸಂಸಾರ ಮುರಿದಾಗ ಊರ ಹಿರಿಯರು ಕೂಡುತ್ತಾರೆ, ಪಂಚಾಯಿತಿ ಆಗುತ್ತದೆ. ಮಾತು ಗಂಡ ಹೆಂಡತಿಯರ ತಪ್ಪು ಒಪ್ಪುಗಳ ಸುತ್ತಲೇ ಸುತ್ತುತ್ತದೆ. ಆ ಕೂಟದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನು ತಾಯಿಯ ಸೆರಗು ಹಿಡಿದು ಕುಳಿತಿದ್ದಾನೆ, ಅವನನ್ನು ಯಾರೂ ಏನೂ ಕೇಳುವುದಿಲ್ಲ. ಈ ಲೇಖನ ಅವನ ಪರವಾಗಿ ಒಂದು ಪ್ರಶ್ನೆ ಕೇಳುವ ಪ್ರಯತ್ನ. ತಂದೆ ಮಗುವಿಗೆ ಕೊಡುವ ಜೀವನಾಂಶ ಎಂಥದ್ದು? ಅದು ದಾನವೋ, ಸಾಲವೋ?

ಎರಡಕ್ಕೂ ಇರುವ ಅಂತರ

ಪ್ರೀತಿ ಮತ್ತು ನ್ಯಾಯ ಎಂಬ ಎರಡು ಸದ್ಗುಣಗಳನ್ನು ಸಂತ ತೋಮಾಸ್ ಅಕ್ವಿನಾಸರು ಬೇರೆ ಬೇರೆಯಾಗಿಯೇ ವಿವರಿಸುತ್ತಾರೆ. ಪ್ರೀತಿಯಿಂದ ಕೊಡುವಾಗ ನಾನು ನನ್ನದನ್ನು ಕೊಡುತ್ತೇನೆ. ನ್ಯಾಯವಾಗಿ ಕೊಡುವಾಗ ನಿನ್ನದನ್ನು ನಿನಗೆ ಮುಟ್ಟಿಸುತ್ತೇನೆ. ಭಿಕ್ಷೆ ಬೇಡುವವನಿಗೆ ಹತ್ತು ರೂಪಾಯಿ ಕೊಟ್ಟರೆ ಅದು ದಾನ; ಎಷ್ಟು, ಯಾವಾಗ, ಯಾರಿಗೆ ಎಂಬುದು ನನ್ನ ಇಷ್ಟ. ಕೂಲಿಯವನಿಗೆ ಸಂಜೆ ಕೂಲಿ ಎಣಿಸಿದರೆ ಅದು ದಾನವಲ್ಲ. ಅವನು ಕುಡುಕನೋ ಒಳ್ಳೆಯವನೋ, ನನಗೆ ನಮಸ್ಕಾರ ಮಾಡಿದನೋ ಇಲ್ಲವೋ ಎಂದು ನೋಡಿ ಕೂಲಿ ಹಿಡಿಯುವ ಹಕ್ಕು ನನಗಿಲ್ಲ. ಅದು ಅವನದು, ಸದ್ಯಕ್ಕೆ ನನ್ನ ಕಿಸೆಯಲ್ಲಿದೆ, ಅಷ್ಟೆ.

ಮಗುವಿನ ಅನ್ನ ಈ ಎರಡರಲ್ಲಿ ಯಾವುದು? ಮಗು ತಾನು ಹುಟ್ಟಬೇಕೆಂದು ಯಾರಲ್ಲಿಯೂ ಅರ್ಜಿ ಹಾಕಲಿಲ್ಲ. ಇಬ್ಬರು ಸೇರಿ ಅದನ್ನು ಈ ಲೋಕಕ್ಕೆ ಕರೆತಂದರು. ಕರೆತಂದಾಗ ಅದಕ್ಕೆ ಹಸಿವಿತ್ತು, ಚಳಿಯಿತ್ತು, ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿ ಇರಲಿಲ್ಲ. ಆ ಹಸಿವಿಗೆ ಕಾರಣರಾದವರೇ ಅದನ್ನು ತಣಿಸಬೇಕು. ಇದು ಮಗುವಿನ ಯೋಗ್ಯತೆಯನ್ನು ನೋಡಿ ಕೊಡುವ ಬಹುಮಾನವಲ್ಲ, ತಾಯಿಯ ನಡತೆಯನ್ನು ನೋಡಿ ಕೊಡುವ ಸಂಬಳವೂ ಅಲ್ಲ. ಹುಟ್ಟಿದ ಗಳಿಗೆಯಿಂದಲೇ ಮಗುವಿಗೆ ಸಲ್ಲಬೇಕಾದ ಬಾಕಿ ಇದು.

ಹುಟ್ಟಿನಿಂದಲೇ ಹಕ್ಕು ಎಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಶಹಾಬಾದಿಗೆ ಸಮೀಪದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ನಮ್ಮ ಭಾಗದವರು ಅಭಿಮಾನದಿಂದ ಹೇಳುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಮುಂದೆ ಬಂಗಾಳದಂಥ ಕೆಲವು ಭಾಗಗಳನ್ನು ಬಿಟ್ಟು ಭಾರತದ ಹೆಚ್ಚಿನ ಕಡೆ ಹಿಂದೂ ಕುಟುಂಬಗಳ ಆಸ್ತಿ ನ್ಯಾಯಕ್ಕೆ ಆಧಾರವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ತಂದೆ ಸತ್ತ ಮೇಲಲ್ಲ, ಹುಟ್ಟಿದ ಕ್ಷಣದಿಂದಲೇ ಪಾಲಿದೆ ಎಂಬುದು ಅದರ ಮುಖ್ಯ ನಿಲುವು. ಆ ಪಾಲು ಆಗ ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಕೊಟ್ಟಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆಸ್ತಿಯ ಪಾಲು ಬೇರೆ, ಜೀವನಾಂಶ ಬೇರೆ, ನಿಜ. ಆಸ್ತಿಯೇ ಇಲ್ಲದವನಿಗೆ ಪಾಲು ಕೊಡುವ ಪ್ರಶ್ನೆ ಬರುವುದಿಲ್ಲ. ಆದರೆ ವೃದ್ಧ ತಂದೆತಾಯಿ, ಹೆಂಡತಿ, ಎಳೆಯ ಮಗು ಇವರನ್ನು ಸಾಕುವ ಹೊಣೆಗೆ ಆಸ್ತಿ ಇರಲೇಬೇಕೆಂದಿಲ್ಲ, ಸಂಬಂಧವೇ ಸಾಕು ಎಂದು ಹಳೆಯ ಧರ್ಮಶಾಸ್ತ್ರಗಳೂ ಒಪ್ಪುತ್ತವೆ. ಎಂಟೊಂಬತ್ತು ನೂರು ವರ್ಷಗಳ ಹಿಂದೆಯೇ ಈ ಕಡೆ ಹುಟ್ಟಿನ ಹಕ್ಕಿನ ವಿಚಾರ ನಡೆದಿರುವಾಗ, ಇಂದು ನಾವು ಮಗುವಿನ ಅನ್ನವನ್ನು ತಂದೆಯ ಔದಾರ್ಯವೆಂದು ಕರೆಯುವುದು ಸರಿಯಲ್ಲ.

ಸಾಲವಾದರೆ ಏನಾಗುತ್ತದೆ?

ಇದು ಸಾಲ ಎಂದು ಒಪ್ಪಿಕೊಂಡ ಮೇಲೆ ನಾಲ್ಕು ಮಾತು ತಾವಾಗಿಯೇ ಹೊರಡುತ್ತವೆ.

ಮೊದಲನೆಯದು, ಸಾಲಕ್ಕೆ ಷರತ್ತು ಹಾಕುವಂತಿಲ್ಲ. "ಕೂಸು ತೋರಸಂಗಿಲ್ಲ, ಅದಕ್ಕ ರೊಕ್ಕ ಕೊಡಂಗಿಲ್ಲ" ಎನ್ನುವ ತಂದೆಯ ನೋವು ಸುಳ್ಳಲ್ಲ. ತನ್ನ ಮಗುವನ್ನು ಕಾಣುವುದು ಅವನ ಹಕ್ಕು, ಅದಕ್ಕಿಂತ ಹೆಚ್ಚಾಗಿ ಮಗುವಿನ ಹಕ್ಕು. ಅದಕ್ಕಾಗಿ ಬೇರೆ ಅರ್ಜಿ ಇದೆ, ನ್ಯಾಯಾಲಯ ಭೇಟಿಯ ದಿನ, ಸ್ಥಳ ಗೊತ್ತುಮಾಡಿ ಕೊಡುತ್ತದೆ. ಆದರೆ ತಾಯಿಯ ತಪ್ಪಿಗೆ ಮಗುವಿನ ತಟ್ಟೆಯಿಂದ ರೊಟ್ಟಿ ಎತ್ತಿದರೆ ಶಿಕ್ಷೆ ಯಾರಿಗಾಯಿತು? ಇದೇ ಮಾತು ತಾಯಿಗೂ ಸಲ್ಲುತ್ತದೆ. ಈ ತಿಂಗಳ ಹಣ ಬರಲಿಲ್ಲವೆಂದು ಮಗುವನ್ನು ಒಳಗೆ ಕೂಡಿಸಿ ತಂದೆಯನ್ನು ಬಾಗಿಲಿನಿಂದ ಕಳಿಸುವವಳು ಮಗುವನ್ನು ಒತ್ತೆ ಇಟ್ಟಂತಾಗುತ್ತದೆ. ಹಣ ಒಂದು ಲೆಕ್ಕ, ಭೇಟಿ ಇನ್ನೊಂದು ಲೆಕ್ಕ.

ಎರಡನೆಯದು, ಸಾಲವನ್ನು ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವನಿಗೆ ಮಾತ್ರ. "ಅವನ ರೊಕ್ಕ ನಮಗ ಬ್ಯಾಡ, ನಾ ಕೂಲಿ ಮಾಡಿ ಸಾಕತೀನಿ" ಎನ್ನುವ ತಾಯಂದಿರ ಸ್ವಾಭಿಮಾನಕ್ಕೆ ಕೈಮುಗಿಯಬೇಕು. ತನಗೆ ಬರಬೇಕಾದದ್ದನ್ನು ಆಕೆ ಬಿಡಬಹುದು. ಮಗುವಿಗೆ ಬರಬೇಕಾದದ್ದನ್ನು ಬಿಡಲು ಆಕೆ ಯಾರು? ಆಕೆ ಅದರ ಒಡತಿಯಲ್ಲ, ಕಾವಲುಗಾರಳು. ಊರ ಪಂಚಾಯಿತಿಯಲ್ಲಿ ಒಮ್ಮೆ ಇಷ್ಟು ಕೊಟ್ಟು "ಇನ್ನು ಏನೂ ಕೇಳಬಾರದು" ಎಂದು ಬರೆಸಿಕೊಳ್ಳುವ ಛಾಪಾ ಕಾಗದಗಳ ದೋಷವೂ ಇದೇ. ಹದಿನೆಂಟು ವರ್ಷ ಬೆಳೆಯಬೇಕಾದ ಮಗುವಿನ ಪಾಲನ್ನು ಬೇರೆಯವರು ಒಂದು ಸಂಜೆಯಲ್ಲಿ ಮಾರಿಬಿಡುತ್ತಾರೆ. ಆದರೂ ಒಂದು ಮಾತು. ಗಂಡನ ಹಿಂಸೆಗೆ ಹೆದರಿ ತಪ್ಪಿಸಿಕೊಂಡು ಬಂದ ಹೆಣ್ಣುಮಗಳು ಸದ್ಯಕ್ಕೆ ಸುಮ್ಮನಿದ್ದರೆ ಅದನ್ನು ದೋಷವೆನ್ನಲಾಗದು. ಮಗುವಿನ ಜೀವ ಮೊದಲು, ಜೀವನಾಂಶ ಆಮೇಲೆ. ಆಕೆಗೆ ಬೇಕಾದದ್ದು ನಮ್ಮ ಉಪದೇಶವಲ್ಲ, ರಕ್ಷಣೆ. ಅದರ ದಾರಿಯನ್ನು ಮುಂದೆ ಹೇಳಿದ್ದೇನೆ.

ಮೂರನೆಯದು, ಶಿಕ್ಷೆ ಅನುಭವಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಇದನ್ನೂ ಮುಂದೆ ನೋಡೋಣ.

ನಾಲ್ಕನೆಯದು, ಸಾಲಗಾರನ ಕಷ್ಟ ನಿಜವಾದರೆ ಸಾಲದ ಮೊತ್ತವನ್ನೂ ಅವಧಿಯನ್ನೂ ಬದಲಿಸಬಹುದು. ಸಾಲ ಇಲ್ಲವೇ ಇಲ್ಲ ಎನ್ನಲಾಗದು. ಖಣಿ ನಿಂತಿತು, ಕಾರ್ಖಾನೆ ಮುಚ್ಚಿತು, ಮಳೆ ಕೈಕೊಟ್ಟಿತು, ಕಾಯಿಲೆ ಬಂತು, ಇವೆಲ್ಲ ನಮ್ಮ ಭಾಗದಲ್ಲಿ ಕಟ್ಟುಕಥೆಗಳಲ್ಲ. ಅಂಥವನು ನ್ಯಾಯಾಲಯಕ್ಕೆ ಹೋಗಿ "ನನ್ನ ಸ್ಥಿತಿ ಬದಲಾಗಿದೆ, ಮೊತ್ತ ಇಳಿಸಿ" ಎಂದು ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆಯೇ ಮಗು ಬೆಳೆದು ಖರ್ಚು ಹೆಚ್ಚಿದಾಗ ತಾಯಿಯೂ ಏರಿಸಿ ಎಂದು ಕೇಳಬಹುದು. ಕೇಳುವುದು ಪ್ರಾಮಾಣಿಕತೆ, ಕೇಳದೆ, ಹೇಳದೆ ಹಣ ನಿಲ್ಲಿಸಿ ಫೋನು ಬಂದ್ ಮಾಡಿ ಕೂರುವುದು ವಂಚನೆ. ಇನ್ನು "ನನಗ ನೌಕರಿ ಇಲ್ಲ" ಎಂಬ ಒಂದೇ ಮಾತನ್ನು ನ್ಯಾಯಾಲಯಗಳು ಒಪ್ಪುವುದಿಲ್ಲ. ಮೈಯಲ್ಲಿ ಶಕ್ತಿಯಿರುವವನು ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಹೇಳಿತು. ತಾಯಿಯೂ ದುಡಿಯುತ್ತಿದ್ದರೆ? ಆಗ ಮಗುವಿನ ಓದಿನ ಖರ್ಚನ್ನು ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಬಹುದು. ಹಂಚಿಕೆ ಎಂದರೆ ಒಬ್ಬರು ಪೂರ್ತಿ ಕೈತೊಳೆದುಕೊಳ್ಳುವುದಲ್ಲ.

ವಿಶ್ವಾಸಿಗಳು ಕೋರ್ಟಿಗೆ ಹೋಗಬಹುದೇ?

"ಮನೆಯ ಮಾತನ್ನು ಕೋರ್ಟಿಗೆ ಒಯ್ಯುವುದು ಕ್ರೈಸ್ತರಿಗೆ ಶೋಭಿಸುತ್ತದೆಯೇ ಫಾದರ್?" ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಕೊರಿಂಥದ ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ದಾವೆ ಹೂಡುತ್ತಿದ್ದುದನ್ನು ಸಂತ ಪೌಲರು ಖಂಡಿಸಿ, ಅನ್ಯಾಯವನ್ನು ಸಹಿಸಿಕೊಳ್ಳುವುದೇ ಮೇಲಲ್ಲವೇ ಎಂದು ಕೇಳಿದ್ದಾರೆ. ಆದರೆ ಅವರು ಸಹಿಸಲು ಹೇಳಿದ್ದು ಯಾರಿಗೆ? ಅನ್ಯಾಯಕ್ಕೆ ಒಳಗಾದವನಿಗೆ. ನನಗಾದ ಅನ್ಯಾಯವನ್ನು ನಾನು ನುಂಗಿಕೊಳ್ಳಬಹುದು, ಅದು ಪುಣ್ಯ. ನನ್ನ ಮಡಿಲಲ್ಲಿರುವ ಮಗುವಿಗಾದ ಅನ್ಯಾಯವನ್ನು ಮಗುವಿನ ಪರವಾಗಿ ನಾನು ನುಂಗಿಕೊಂಡರೆ ಅದು ಪುಣ್ಯವಾಗುವುದಿಲ್ಲ. ಹಸಿವು ಅದರದ್ದು, ತ್ಯಾಗದ ಹೆಸರು ಮಾತ್ರ ನನ್ನದು. ಅದೇ ಪೌಲರು ತಮ್ಮ ವಿಚಾರಣೆಯಲ್ಲಿ ನ್ಯಾಯಕ್ಕಾಗಿ ಕೈಸರನಿಗೆ ಮೇಲ್ಮನವಿ ಮಾಡಿಕೊಂಡದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ.

ಧರ್ಮಸಭೆಯ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ದಂಪತಿಗಳು ಬೇರೆಯಾದಾಗ ಮಕ್ಕಳ ಪೋಷಣೆಗೂ ಶಿಕ್ಷಣಕ್ಕೂ ತಕ್ಕ ಏರ್ಪಾಡು ಆಗಲೇಬೇಕೆಂದು 1154ನೇ ನಿಯಮ ಹೇಳುತ್ತದೆ. ವಿವಾಹ ಅಸಿಂಧು ಎಂದು ತೀರ್ಪು ಕೊಡುವಾಗಲೂ ಪರಸ್ಪರರ ಬಗ್ಗೆ ಮತ್ತು ಮಕ್ಕಳ ಬಗ್ಗೆ ಇರುವ ನೈತಿಕ ಹಾಗೂ ನಾಗರಿಕ ಹೊಣೆಗಳನ್ನು ಇಬ್ಬರಿಗೂ ನೆನಪಿಸಬೇಕೆಂದು 1691ನೇ ನಿಯಮದಲ್ಲಿದೆ. "ಮದುವೆಯೇ ಅಸಿಂಧು ಎಂದ ಮೇಲೆ ಮಗುವಿನ ಹೊಣೆ ಯಾಕೆ?" ಎಂದು ಕೇಳುವವರಿಗೆ ಇಲ್ಲಿಯೇ ಉತ್ತರವಿದೆ. ಅಂಥ ವಿವಾಹದಲ್ಲಿ ಹುಟ್ಟಿದ ಮಕ್ಕಳು ಅಕ್ರಮ ಸಂತಾನವಾಗುವುದಿಲ್ಲ, ಅವರ ಅನ್ನವೂ ಅಸಿಂಧುವಾಗುವುದಿಲ್ಲ. ಆದರೆ ಧರ್ಮಸಭೆಯ ನ್ಯಾಯಪೀಠ ಯಾರ ಸಂಬಳವನ್ನೂ ಜಪ್ತಿ ಮಾಡಲಾರದು, ವಾರಂಟ್ ಹೊರಡಿಸಲಾರದು. ಆ ಕೆಲಸಕ್ಕೆ ದೇಶದ ನ್ಯಾಯಾಲಯವೇ ಬೇಕು.

ದೇಶದ ಕಾನೂನು ಇಲ್ಲಿ ಮತವನ್ನು ನೋಡುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲ ಮಕ್ಕಳಿಗೂ ಇದು ಒಂದೇ. ಮುಸ್ಲಿಂ ತಾಯಿಗೆ ವಿಚ್ಛೇದನದ ಬಗ್ಗೆ ಬೇರೆ ಕಾಯಿದೆ ಇದ್ದರೂ ಮಗುವಿನ ಹಕ್ಕು ಈ ಕಲಮಿನಡಿ ಉಳಿದೇ ಇದೆ ಎಂದು 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಪಾಯಿತು. ತಂದೆತಾಯಿಗೆ ಮದುವೆಯೇ ಆಗಿರದಿದ್ದರೂ ಮಗುವಿಗೆ ಹಕ್ಕಿದೆ ಎಂದು ಕಲಮಿನಲ್ಲಿಯೇ ಬರೆದಿದೆ. ಹದಿನೆಂಟು ತುಂಬಿದರೂ ಅಂಗವೈಕಲ್ಯದಿಂದಲೋ ಬುದ್ಧಿಯ ದೌರ್ಬಲ್ಯದಿಂದಲೋ ದುಡಿಯಲಾಗದ ಮಗುವಿಗೂ ಇದು ಅನ್ವಯಿಸುತ್ತದೆ. ಹಿಂದೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು.

ಮೊದಲು ರಾಜಿ, ಆದರೆ ಗಟ್ಟಿ ರಾಜಿ

ಕೋರ್ಟಿಗೆ ಹೋಗಬಹುದು ಎಂದ ಮಾತ್ರಕ್ಕೆ ಜಗಳವನ್ನೇ ಮೊದಲು ಆರಿಸಿಕೊಳ್ಳಬೇಕೆಂದಲ್ಲ. ಇಬ್ಬರೂ ಕೂತು ಒಪ್ಪಿದ ಮೊತ್ತ ತಿಂಗಳು ತಿಂಗಳು ಬರುವ ಸಂಭವ ಹೆಚ್ಚು. ಹಿರಿಯರು, ಧರ್ಮಕೇಂದ್ರದ ಗುರುಗಳು, ಕನ್ಯಾಸ್ತ್ರೀಯರು ಇಲ್ಲಿ ನೆರವಾಗಬಹುದು. ಆದರೆ ರಾಜಿ ಎಂದರೆ "ಕೊಡತೀನಿ ಬಿಡ್ರಿ" ಎಂಬ ಬಾಯಿಮಾತಲ್ಲ. ಎಷ್ಟು, ಯಾವ ತಾರೀಖಿನೊಳಗೆ, ಯಾವ ಬ್ಯಾಂಕ್ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ಶಾಲೆಯ ಫೀಸು ಮತ್ತು ಆಸ್ಪತ್ರೆಯ ಖರ್ಚು ಅದರಲ್ಲಿಯೇ ಸೇರಿದೆಯೋ ಬೇರೆಯೋ, ತಂದೆ ಮಗುವನ್ನು ಯಾವಾಗ ಎಲ್ಲಿ ಕಾಣಬೇಕು ಎಂಬುದೆಲ್ಲ ಬಿಡಿಸಿ ಬರೆದಿರಬೇಕು. "ರೊಕ್ಕ ಆಕಿ ಕೈಗೆ ಹೋದರ ಕೂಸಿಗೆ ಮುಟ್ಟತದೋ ಇಲ್ಲೋ" ಎಂಬ ಅನುಮಾನವಿದ್ದರೆ ಫೀಸನ್ನು ನೇರ ಶಾಲೆಗೆ ಕಟ್ಟುವುದೆಂದು ಒಪ್ಪಂದದಲ್ಲಿಯೇ ಬರೆಸಲಿ. ನಗದಾಗಿ ಕೈಯಿಂದ ಕೈಗೆ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ. ಕೊಟ್ಟವನೂ ಕೊಡದವನಾಗುತ್ತಾನೆ, ಕೊಡದವನೂ ಕೊಟ್ಟೆ ಎನ್ನುತ್ತಾನೆ.

ಈ ಒಪ್ಪಂದ ಎಲ್ಲಿ ದಾಖಲಾಗಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ. ಊರಲ್ಲಿ ಛಾಪಾ ಕಾಗದದ ಮೇಲೆ ಐದು ಜನರ ಸಹಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟರೆ, ನಾಳೆ ಅವನು ಕೊಡದೇ ಹೋದಾಗ ಆ ಕಾಗದ ಹಿಡಿದು ನೇರವಾಗಿ ವಾರಂಟ್ ಕೇಳಲಾಗದು, ಮೊದಲಿನಿಂದ ಕೇಸು ಹಾಕಬೇಕಾಗುತ್ತದೆ. ಅದೇ ಒಪ್ಪಂದ ನ್ಯಾಯಾಲಯದ ಮುಂದೆ ದಾಖಲಾದರೆ ಆದೇಶವಾಗುತ್ತದೆ. ಲೋಕ ಅದಾಲತ್ತಿನಲ್ಲಿ ಆದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿಗೆ ವಿಷಯ ಒಯ್ಯಲೂ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100 ಸಂಖ್ಯೆಗೆ ಫೋನು ಮಾಡಿ. ನಿಮ್ಮ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕೋ ಕುಟುಂಬ ನ್ಯಾಯಾಲಯಕ್ಕೋ ಎಂಬುದನ್ನು ಅವರೇ ತಿಳಿಸುತ್ತಾರೆ.

ರಾಜಿಯಾಗದಿದ್ದರೆ

ಗಂಡ ಪುಣೆಯಲ್ಲಿದ್ದಾನೆ, ನಾನು ಚಿಂಚೋಳಿಯ ತವರಿನಲ್ಲಿದ್ದೇನೆ, ಅಲ್ಲಿಯವರೆಗೆ ಹೇಗೆ ಓಡಾಡಲಿ ಎಂದು ಅಂಜಬೇಕಾಗಿಲ್ಲ. ಹೆಂಡತಿ ವಾಸವಾಗಿರುವ ಜಾಗದಲ್ಲಿಯೇ ಅರ್ಜಿ ಹಾಕಬಹುದು. ಕೇಸು ಮುಗಿಯುವವರೆಗೆ ಮಗು ಉಪವಾಸ ಇರಬೇಕೇ? ಇರಬೇಕಿಲ್ಲ. ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆದಿರದಿದ್ದ ಕಾಲದಲ್ಲಿಯೇ, 1985ರಲ್ಲಿ, ಸಾವಿತ್ರಿ ಎಂಬವರ ಪ್ರಕರಣದಲ್ಲಿ ಮಧ್ಯಂತರ ಜೀವನಾಂಶ ಕೊಡಿಸಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪು ನಮ್ಮ ಕನ್ನಡ ನಾಡಿನವರೇ ಆದ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ. ಎಸ್. ವೆಂಕಟರಾಮಯ್ಯನವರದು. 2001ರಲ್ಲಿ ಅದು ಕಾಯಿದೆಯೊಳಗೇ ಸೇರಿತು. ನೋಟಿಸು ಮುಟ್ಟಿದ ದಿನದಿಂದ ಸಾಧ್ಯವಾದಷ್ಟು ಮಟ್ಟಿಗೆ 60 ದಿನಗಳಲ್ಲಿ ಮಧ್ಯಂತರ ಅರ್ಜಿ ತೀರ್ಮಾನವಾಗಬೇಕು.

2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಒಂದು ಕ್ರಮ ಹಾಕಿಕೊಟ್ಟಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶವನ್ನು ತೀರ್ಪಿನ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ಪ್ರಮಾಣ ಮಾಡಿ ಹೇಳುವ ಈ ಲೆಕ್ಕದಲ್ಲಿ ಸುಳ್ಳು ಬರೆಯುವುದು ಕಾನೂನಿನಲ್ಲಿ ಅಪರಾಧ, ದೇವರ ಮುಂದೆ ಅದು ಪಾಪ. ಇದು ಗಂಡನಿಗೂ ಹೌದು, ಹೆಂಡತಿಗೂ ಹೌದು.

ಆದೇಶವಾಯಿತು, ಹಣ ಬರಲಿಲ್ಲ. ಆಗ ಏನು? ಆದೇಶದ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು. ಅವನು ಎಲ್ಲಿದ್ದಾನೋ ಅಲ್ಲಿಯ ಮ್ಯಾಜಿಸ್ಟ್ರೇಟರೂ ಅದನ್ನು ಜಾರಿ ಮಾಡಬಹುದು. ಬಾಕಿಯನ್ನು ದಂಡ ವಸೂಲಿ ಮಾಡುವ ಹಾಗೆಯೇ ವಾರಂಟಿನ ಮೂಲಕ ವಸೂಲಿ ಮಾಡಲು ಬರುತ್ತದೆ. ಅದಾದ ಮೇಲೂ ಉಳಿದ ಬಾಕಿಗೆ, ತಕ್ಕ ಕಾರಣವಿಲ್ಲದೆ ತಪ್ಪಿಸಿದವನಿಗೆ, ಒಂದು ತಿಂಗಳವರೆಗೆ ಅಥವಾ ಅದಕ್ಕೂ ಮೊದಲೇ ಹಣ ಕಟ್ಟುವವರೆಗೆ ಸೆರೆವಾಸ ವಿಧಿಸಬಹುದು. ಒಂದು ಎಚ್ಚರ ಇರಲಿ: ಈ ವಾರಂಟಿಗಾಗಿ ಹಣ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಇಂದು ಕೊಡತಾನ, ನಾಳೆ ಕೊಡತಾನ" ಎಂದು ವರ್ಷಗಟ್ಟಲೆ ಕಾದು ಕುಳಿತರೆ ಈ ಸುಲಭದ ದಾರಿ ಕೈತಪ್ಪುತ್ತದೆ. ಹಳೆಯ 125ನೇ ಕಲಮಿನಡಿ ಆದ ಆದೇಶಗಳು ಕಾಯಿದೆಯ ಹೆಸರು ಬದಲಾದ ಮಾತ್ರಕ್ಕೆ ಬಿದ್ದುಹೋಗಿಲ್ಲ.

ಹಿಂಸೆಗೆ ಒಳಗಾದ ಹೆಣ್ಣುಮಗಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇನ್ನೊಂದು ದಾರಿ. ಮೊದಲು ರಕ್ಷಣೆಯ ಆದೇಶ, ಜೊತೆಗೇ ಮಕ್ಕಳ ಜೀವನಾಂಶ ಎರಡನ್ನೂ ಅಲ್ಲಿ ಕೇಳಬಹುದು. ಹಣ ಕೊಡದೆ ಸತಾಯಿಸಿದರೆ ಅವನ ಸಂಬಳದ ಒಂದು ಭಾಗವನ್ನು ನೇರವಾಗಿ ಆಕೆಗೆ ಕೊಡುವಂತೆ ಅಥವಾ ಕೋರ್ಟಿನಲ್ಲಿ ಕಟ್ಟುವಂತೆ ಉದ್ಯೋಗದಾತರಿಗೇ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಕಾರ್ಖಾನೆಯ ಸಂಬಳದಾರರು ಹೆಚ್ಚಿರುವ ನಮ್ಮ ಊರುಗಳಿಗೆ ಇದು ತಿಳಿದಿರಬೇಕಾದ ಸಂಗತಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿಯೂ ನಾವು ಯೋಚಿಸಬೇಕಾದ ಒಂದು ಮಾತಿದೆ. ಸಾಮಾನ್ಯ ಸಾಲದ ಡಿಕ್ರಿಗೆ ನೌಕರನ ಸಂಬಳದಲ್ಲಿ ಮೊದಲ 1000 ರೂಪಾಯಿಯನ್ನೂ ಉಳಿದದ್ದರಲ್ಲಿ ಮೂರರಲ್ಲಿ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಅವನಿಗೆ ಉಳಿಸಬೇಕಾದದ್ದು ಮೂರರಲ್ಲಿ ಒಂದೇ ಭಾಗ. ಅಂದರೆ ಸಾಹುಕಾರನ ಬಡ್ಡಿಗಿಂತ ಮಗುವಿನ ರೊಟ್ಟಿ ದೊಡ್ಡದು ಎಂದು ಕಾನೂನೇ ತೂಗಿ ಇಟ್ಟಿದೆ. ನಮ್ಮ ಮನೆಗಳಲ್ಲಿ ತೂಕ ಇದೇ ಇದೆಯೇ? ಮೋಟಾರ್‌ಸೈಕಲ್ಲಿನ ಕಂತು ತಪ್ಪಿದರೆ ಗಾಡಿ ಎಳೆದೊಯ್ಯುತ್ತಾರೆಂಬ ಭಯದಿಂದ ಕಂತು ಮೊದಲು ಕಟ್ಟುತ್ತೇವೆ. ಮಗು ಏನನ್ನೂ ಎಳೆದೊಯ್ಯಲಾರದು, ಆದ್ದರಿಂದ ಅದರ ಕಂತು ಕೊನೆಗೆ ಉಳಿಯುತ್ತದೆ.

ಸೆರೆಮನೆ ಮಗುವಿನ ಹೊಟ್ಟೆ ತುಂಬುತ್ತದೆಯೇ?

ಒಂದು ಗಂಭೀರ ಆಕ್ಷೇಪಣೆ ಇಲ್ಲಿದೆ. ಖಣಿಯಲ್ಲಿ ದುಡಿಯುವವನನ್ನು ತಿಂಗಳು ಒಳಗೆ ಹಾಕಿದರೆ ಇದ್ದ ಕೂಲಿಯೂ ಹೋಗುತ್ತದೆ, ಮಗುವಿಗೆ ಸಿಕ್ಕಿದ್ದೇನು? ಈ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಕಾನೂನು 'ತಕ್ಕ ಕಾರಣವಿಲ್ಲದೆ' ಎಂಬ ಮಾತನ್ನು ಸೇರಿಸಿದೆ. ಕೊಡಲಾರದವನೂ ಕೊಡಲೊಲ್ಲದವನೂ ಒಂದೇ ಅಲ್ಲ. ಕೊಡಲಾರದವನನ್ನು ಸೆರೆಗೆ ಕಳಿಸುವುದು ಬಡತನಕ್ಕೆ ಶಿಕ್ಷೆ ಕೊಟ್ಟಂತೆ. ತಾಯಂದಿರೂ ಸೇಡಿಗಾಗಿ ಅದನ್ನು ಬಯಸಬಾರದು. ಕೊಡಲೊಲ್ಲದವನ ವಿಷಯ ಬೇರೆ. ಸೆರೆಯ ಭಯವೇ ಎಷ್ಟೋ ಸಲ ಮುಚ್ಚಿಟ್ಟ ಕಿಸೆಯನ್ನು ತೆರೆಸುತ್ತದೆ.

ಸೆರೆವಾಸ ಅನುಭವಿಸಿ ಬಂದವನು "ನಂದು ತೀರಿತು" ಎನ್ನಬಹುದೇ? 1989ರಲ್ಲಿ ವರದಿಯಾದ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ನೇರವಾದ ಉತ್ತರ ಕೊಟ್ಟಿದೆ. ಸೆರೆ ಎಂಬುದು ಹಣ ಕೊಡಿಸುವ ಒಂದು ಉಪಾಯ ಮಾತ್ರ, ಹಣಕ್ಕೆ ಬದಲಿಯಲ್ಲ. ಬಾಕಿ ತೀರುವುದು ಕೊಟ್ಟಾಗಲೇ. ನಾವು ಮೊದಲು ಹೇಳಿದ ಮಾತೇ ಇದು. ದಾನವಾಗಿದ್ದರೆ ಬಲವಂತದ ಪ್ರಶ್ನೆಯೇ ಇರುತ್ತಿರಲಿಲ್ಲ, ಅಪರಾಧದ ದಂಡವಾಗಿದ್ದರೆ ಸೆರೆಯಿಂದ ತೀರುತ್ತಿತ್ತು. ಇದು ಮಗುವಿನ ಸಾಲ, ಆದ್ದರಿಂದ ಕೊಟ್ಟರಷ್ಟೇ ತೀರುತ್ತದೆ.

"ಕೋರ್ಟಿನ ಬಲವಂತಕ್ಕೆ ಕೊಟ್ಟ ಹಣದಲ್ಲಿ ಪ್ರೀತಿ ಎಲ್ಲಿದೆ?" ಎಂದು ಕೇಳುವವರೂ ಇದ್ದಾರೆ. ಇಲ್ಲ ಎಂದೇ ಇಟ್ಟುಕೊಳ್ಳೋಣ. ಪ್ರೀತಿಯನ್ನು ಯಾವ ಅಮೀನನೂ ಜಪ್ತಿ ಮಾಡಿ ತರಲಾರ. ಆದರೆ ಪ್ರೀತಿ ಇಲ್ಲವೆಂದು ನ್ಯಾಯವನ್ನೂ ಬಿಟ್ಟುಕೊಟ್ಟರೆ ಮಗುವಿಗೆ ಎರಡೂ ಇಲ್ಲದಂತಾಗುತ್ತದೆ. ಸದ್ಗುಣ ರೂಢಿಯಿಂದ ಬೆಳೆಯುತ್ತದೆ, ಒಳ್ಳೆಯ ಕಾನೂನು ಆ ರೂಢಿಯನ್ನು ಹಿಡಿಸುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಮೊದಲು ಅಂಜಿಕೆಯಿಂದ, ಆಮೇಲೆ ರೂಢಿಯಿಂದ ತಿಂಗಳು ತಿಂಗಳು ಹಣ ಕಳಿಸುವ ತಂದೆಗೆ ಮುಂದೊಂದು ದಿನ ಮಗು ಎದುರಾದಾಗ ತಲೆ ತಗ್ಗಿಸಬೇಕಾಗುವುದಿಲ್ಲ. ಕೊಡದೆ ತಪ್ಪಿಸಿಕೊಂಡವನು ಆ ಬಾಗಿಲನ್ನು ತಾನೇ ಮುಚ್ಚಿಕೊಂಡಿರುತ್ತಾನೆ.

ನಮ್ಮೆಲ್ಲರ ಪಾಲು

ಕೊನೆಯದಾಗಿ, ಪ್ರಿಯ ವಾಚಕರೇ, ಇದು ಆ ಎರಡು ಮನೆಗಳ ಮಾತು ಮಾತ್ರವಲ್ಲ. ಮಗ ತನ್ನ ಕೂಸಿಗೆ ಕೊಡದಿರುವುದನ್ನು ನೋಡಿಯೂ "ಆಕಿ ಸೊಕ್ಕು ಇಳೀಲಿ" ಎಂದು ಸುಮ್ಮನಿರುವ ಅಜ್ಜ ಅಜ್ಜಿಯರು, ಅವನ ಸಂಬಳದ ಚೀಟಿ ಬಚ್ಚಿಡಲು ನೆರವಾಗುವ ಗೆಳೆಯರು, "ಮನೆತನದ ಮರ್ಯಾದೆ" ಎಂದು ತಾಯಿಯ ಬಾಯಿ ಮುಚ್ಚಿಸುವ ಹಿರಿಯರು, ಇವರೆಲ್ಲ ಮಗುವಿನ ಸಾಲದಲ್ಲಿ ಪಾಲುದಾರರು. ದೇವರಿಗೆ ಮುಡಿಪೆಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುತ್ತಿದ್ದವರನ್ನು ಪ್ರಭು ಯೇಸು ಖಂಡಿಸಿದ್ದನ್ನು ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ತಂದೆತಾಯಿಗೆ ಹೇಗೋ ಮಕ್ಕಳಿಗೂ ಹಾಗೆಯೇ. ತನ್ನ ಮಗುವಿನ ನಾಲ್ಕು ತಿಂಗಳ ಬಾಕಿ ಇಟ್ಟುಕೊಂಡು ದೇವಾಲಯದ ಹಬ್ಬಕ್ಕೆ ದೊಡ್ಡ ಕಾಣಿಕೆ ಬರೆಸುವವನ ಹೆಸರನ್ನು ನಾವು ಮೈಕಿನಲ್ಲಿ ಓದಿ ಚಪ್ಪಾಳೆ ತಟ್ಟಿದರೆ, ಆ ಚಪ್ಪಾಳೆ ಯಾವುದಕ್ಕೆ? ಮೊದಲು ಮಗುವಿನ ಲೆಕ್ಕ ತೀರಲಿ. ಹಬ್ಬದ ಕಾಣಿಕೆ ಕಾಯಬಹುದು. ದೇವರಿಗೆ ಹಸಿವಾಗುವುದಿಲ್ಲ, ಮಗುವಿಗೆ ಆಗುತ್ತದೆ.

ನಿಮ್ಮ ನೆರೆಯಲ್ಲಿ ಇಂಥ ತಾಯಿಯೊಬ್ಬಳಿದ್ದರೆ ಆಕೆಗೆ ಕನಿಕರದ ಮಾತಿಗಿಂತ ಒಂದು ದಿನದ ಜೊತೆ ಬೇಕು. ಕೂಲಿ ಬಿಟ್ಟು ಒಬ್ಬಳೇ ತಾಲ್ಲೂಕು ಕೋರ್ಟಿನ ಮೆಟ್ಟಿಲು ಹತ್ತುವುದು ಸುಲಭವಲ್ಲ. ಆಧಾರ್ ಕಾರ್ಡು, ಮದುವೆಯ ಪತ್ರ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ರಸೀದಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಆಕೆಯೊಡನೆ ನೀವೂ ಬಸ್ಸು ಹತ್ತಿರಿ. ನಿಮ್ಮ ಪರಿಚಯದ ತಂದೆಯೊಬ್ಬ ಬಾಕಿ ಉಳಿಸಿಕೊಂಡಿದ್ದರೆ ಅವನನ್ನು ಎಲ್ಲರೆದುರು ಹೀಯಾಳಿಸಬೇಡಿ, ಒಬ್ಬನೇ ಇದ್ದಾಗ ಕೂತು ಮಾತಾಡಿ. ಪೂರ್ತಿ ಕೊಡಲಾಗದಿದ್ದರೆ ಈ ತಿಂಗಳು ಆದಷ್ಟು ಕೊಡು, ಉಳಿದದ್ದನ್ನು ಕೋರ್ಟಿಗೆ ಹೋಗಿ ಹೇಳಿಕೋ ಎನ್ನಿ. ತಾರೀಖು ಮೀರುವ ಮೊದಲು ಹೇಳಿ.